ಅಂಗಳದ ಇಳಿಜಾರು

ಕೊಟ್ಟಿಗೆಯ ಮೂಲೆಯಲ್ಲಿ ಬೈಕಿನ ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ಅಡಿಯಲ್ಲಿ ಮೊಟ್ಟೆಯೇನೂ ಇರಲಿಲ್ಲ. ಸೀಟು ಹರಿದು ಹೊರಬಂದಿದ್ದ ಹಳದಿ ಸ್ಪಂಜನ್ನೇ ಹೊಟ್ಟೆಯಡಿ ಎಳೆದುಕೊಂಡು, ಎಬ್ಬಿಸು ನೋಡೋಣ ಎನ್ನುವ ಹಾಗೆ ಸೆನೆಮ್‌ಳನ್ನು ಒಂದೇ ಕಣ್ಣಿನಿಂದ ದಿಟ್ಟಿಸುತ್ತಿತ್ತು. ಸೆನೆಮ್ ಹಾಲಿನ ಬಕೆಟ್ಟು ಹಿಡಿದು ಹಾಗೇ ನಿಂತಳು. ಏನೋ ಕೇಳಿಸುತ್ತಿತ್ತು. ಹಸುಗಳ ಮೆಲುಕಿನ ಸದ್ದಲ್ಲ, ಅವುಗಳ ಬಿಸಿಯುಸಿರಿನದೂ ಅಲ್ಲ. ಹೊರಗೆ, ಬಿಸಿಲು ಬಿದ್ದ ಕಡೆಯ ಸೂರಿನ ಅಂಚಿನಿಂದ, ಒಂದೊಂದೇ ಹನಿ ಕಲ್ಲಿನ ಮೇಲೆ ಬೀಳುತ್ತಿತ್ತು. ಒಂದು ಬಿದ್ದು, ಯೋಚನೆ ಮಾಡಿ, ಇನ್ನೊಂದು. ನವೆಂಬರಿನಿಂದ ಈ ಊರಿನಲ್ಲಿ ನೀರು ಸದ್ದು ಮಾಡಿದ್ದೇ ಇಲ್ಲ. ಅವಳ ಎದೆಯೊಳಗೆ ಏನೋ ದಿಗ್ಗನೆ ಎದ್ದು ಕೂತಿತು. ಹಾಲು ಕರೆಯಲು ಕೂತರೆ ಬೆರಳುಗಳು ತಾಳ ತಪ್ಪಿದವು. ಹಸು ಕತ್ತು ತಿರುಗಿಸಿ, ಇವತ್ತೇನಾಗಿದೆ ಇವಳಿಗೆ ಎಂದು ನೋಡಿತು. ಚಳಿಗಾಲದುದ್ದಕ್ಕೂ ದಿನಕ್ಕೆರಡು ಬಾರಿ ಇಲ್ಲಿಗೆ ಬಂದು, ಸಗಣಿ ಬಾಚಿ, ಹಾಲು ಕರೆದು ಹೋಗಿದ್ದಾಳೆ. ಆದರೆ ಆ ಮೂಲೆಗೆ ಮಾತ್ರ ಬೆನ್ನು ಹಾಕಿಯೇ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟವರು ಒಬ್ಬರನ್ನೊಬ್ಬರು ದಾಟಿಕೊಂಡು ಹೋಗುತ್ತಾರಲ್ಲ, ಹಾಗೆ. ಬೈಕಿಗೆ ಹೊದಿಸಿದ್ದ ಹಳೆಯ ಜಮಖಾನ ಇವತ್ತು ಜಾರಿತ್ತು. ಕೆಂಪು ಟ್ಯಾಂಕು ಕತ್ತಲಲ್ಲಿ ಚೂರೇ ಚೂರು ಮಿನುಗುತ್ತಿತ್ತು.

ದಾರಿ ತೆರೆದಿದೆಯೆಂದು ನಿನ್ನೆಯೇ ಸುದ್ದಿ ಬಂದಿತ್ತು. ಹಿಮ ತಳ್ಳುವ ಗಾಡಿ ಚಿಲ್ದಿರ್ ಸರೋವರದ ಕಡೆಯಿಂದ ಬಂದು ಊರ ಕೊಳಾಯಿಯ ತನಕ ಟಾರು ಕಾಣಿಸಿ ಹೋಗಿತ್ತು. ಅದನ್ನು ಕೇಳಿದಾಗಿನಿಂದ ಅವಳ ಬಲಗೈ ತನ್ನಷ್ಟಕ್ಕೆ ಮುಚ್ಚಿ ತೆರೆದು ಮಾಡುತ್ತಿದೆ. ರೊಟ್ಟಿ ಹರಿಯುವಾಗ, ಒಲೆಗೆ ಬೆರಣಿ ಒಟ್ಟುವಾಗ ಮಣಿಕಟ್ಟು ಹಿಂದಕ್ಕೆ ತಿರುಗಿ ಆಕ್ಸಿಲರೇಟರ್ ಕೊಡುತ್ತದೆ. ನಿನ್ನೆ ಚಹಾ ಲೋಟ ಹಾಗೆ ತಿರುಗಿಸಿ ಮೈಮೇಲೆ ಚೆಲ್ಲಿಕೊಂಡಳು. "ಅಯ್ಯೋ, ಕೈಗೆ ದೆವ್ವ ಹಿಡಿದಿದೆಯೇನೇ?" ಎಂದಳು ಅಜ್ಜಿ. ಅಜ್ಜಿಯ ಮಗಳು, ಸೆನೆಮ್‌ಳ ಸೋದರತ್ತೆ ಗುಲಿಜಾರ್, ಸಕ್ಕರೆ ಚೂರನ್ನು ಹಲ್ಲಿನ ನಡುವೆ ಇಟ್ಟುಕೊಂಡು, ಎಡಗೈಯಲ್ಲಿ ಲೋಟ ಎತ್ತಿ, ಕಿಟಕಿಯಾಚೆ ನೋಡಿದಳು. ಎಡಗೈಯಲ್ಲಿ. ಬಲಗೈ ಮಡಿಲಲ್ಲಿ ಮಲಗಿದ ಬೆಕ್ಕಿನ ಹಾಗೆ ಬಿದ್ದಿತ್ತು. ಮಣಿಕಟ್ಟಿನ ಹತ್ತಿರ ಮೂಳೆ ಸ್ವಲ್ಪ ಹೊರಕ್ಕೆ ತಿರುಗಿ ಕೂಡಿಕೊಂಡಿತ್ತು. ಮೂಳೆ ಕಟ್ಟುವವನು ಕಟ್ಟಿ ಹೋದ ಮೇಲೆ ಹಿಮ ದಾರಿ ಮುಚ್ಚಿತು. ಆಮೇಲೆ ಅದು ಹೇಗೆ ಕೂಡಿತೋ ಹಾಗೆ.

ಆ ಕೈಯಿಂದ ಜಡೆ ಹೆಣೆದುಕೊಳ್ಳಲು ಆಗುವುದಿಲ್ಲ. ಹೀಗಾಗಿ ಪ್ರತಿ ಬೆಳಗ್ಗೆ ಹಾಲು ಕಾಯಿಸಿದ ಮೇಲೆ ಸೆನೆಮ್ ಅತ್ತೆಯ ಹಿಂದೆ ಕೂತು ಅವಳ ಉದ್ದನೆಯ ನರೆಗೂದಲನ್ನು ಬಾಚಿ ಎರಡು ಜಡೆ ಹಾಕುತ್ತಾಳೆ. ಮುಖ ಕಾಣಿಸುವುದಿಲ್ಲ, ಕತ್ತಷ್ಟೇ. ಆ ಕತ್ತು ಸೆನೆಮ್‌ಗೆ ಈಗ ಬಾಯಿಪಾಠವಾಗಿದೆ. ಎಡಕ್ಕೊಂದು ಮಚ್ಚೆ, ಅದರ ಕೆಳಗೆ ಎರಡು ಗೆರೆ. ಚಳಿಗಾಲವೆಲ್ಲ ಆ ಕತ್ತು ಒಂದು ಮಾತು ಆಡಬಹುದೆಂದು ಅವಳು ಕಾದಿದ್ದಾಳೆ. ಬೈದುಬಿಡಲಿ. ನಿನ್ನಿಂದಲೇ ನನ್ನ ಕೈ ಹೋಯಿತು, ಮಗ್ಗದ ಮೇಲೆ ಅರ್ಧಕ್ಕೇ ನಿಂತ ಜಮಖಾನ ನೋಡು ಅನ್ನಲಿ. ಅತ್ತೆ ಹಸುವಿನ ಬಗ್ಗೆ ಮಾತಾಡಿದಳು, ಒಣಗಿಸಿದ ಬಾತುಕೋಳಿಗೆ ಉಪ್ಪು ಹೆಚ್ಚಾದ ಬಗ್ಗೆ ಮಾತಾಡಿದಳು, ನೆರೆಯ ಕುರ್ಬಾನ್ ಮಾಮನ ಹೆಂಡತಿಯ ಹೊಸ ಹಲ್ಲಿನ ಬಗ್ಗೆ ನಗುತ್ತ ನಗುತ್ತ ಮಾತಾಡಿದಳು. ಬೈಕೆಂಬ ಮಾತನ್ನು ಮಾತ್ರ ಎತ್ತಲಿಲ್ಲ. ಸೆನೆಮ್ ಜಡೆಯನ್ನು ಬಿಗಿಯಾಗಿ ಹೆಣೆದರೆ 'ಹ್ಞಾಂ' ಎನ್ನುತ್ತಿದ್ದಳು, ಅಷ್ಟೆ. ಆ 'ಹ್ಞಾಂ' ಕೂಡ ಲೆಕ್ಕ ಇಟ್ಟುಕೊಂಡ ಹಾಗೆ ಕೇಳುತ್ತಿತ್ತು.

ಅತ್ತೆಯೇ ಕೇಳಿದ್ದಳು. ಬೇಸಿಗೆಯೆಲ್ಲ ಸೆನೆಮ್ ಗುಡ್ಡದಾಚೆಯ ಚೀಸ್ ಮಾಡುವ ಡೈರಿಗೆ ಬೈಕಿನಲ್ಲಿ ಹೋಗಿಬರುವುದನ್ನು ಬಾಗಿಲಲ್ಲಿ ನಿಂತು ನೋಡಿ ನೋಡಿ, ಡೈರಿ ಮುಚ್ಚಿ ಚಳಿ ಕಾಲಿಟ್ಟ ಮೇಲೆ, ಇನ್ನು ನಾಳೆಯೋ ನಾಡಿದ್ದೋ ಹಿಮ ಎನ್ನುವಾಗ, ಯಾರಿಗೂ ಕೇಳದ ಹಾಗೆ, "ನನ್ನನ್ನೂ ಒಂದ್ಸಲ ಸರೋವರದ ತನಕ ಕೂರಿಸ್ಕೊಂಡು ಹೋಗೇ" ಎಂದಿದ್ದಳು. ಐವತ್ತು ದಾಟಿದ ಹೆಂಗಸು, ಮಗುವಿನ ಹಾಗೆ, ಕೆನ್ನೆ ಕೆಂಪಗೆ ಮಾಡಿಕೊಂಡು. ಹೂವಿನ ಶಲ್ವಾರ್ ತೊಟ್ಟಳು, ಹೊಸ ಬೂಟು ಹಾಕಿದಳು. ನೆಲವೆಲ್ಲ ಬಿಳುಪಾಗಿ ಹೆಪ್ಪುಗಟ್ಟಿದ್ದ ಬೆಳಗು. ಅಂಗಳದಿಂದ ರಸ್ತೆಗೆ ಇಳಿಯುವ ಕಲ್ಲು ಹಾಸಿನ ಇಳಿಜಾರು; ಉತ್ತರದ ಗೋಡೆಯ ನೆರಳು, ಅಲ್ಲಿ ಮಧ್ಯಾಹ್ನವಾದರೂ ಬಿಸಿಲು ಬೀಳದು. ಇವರು ಇಳಿದರು. ಹೊರಟವರು ನೀರಿನಷ್ಟು ಸರಾಗವಾಗಿ ಹೋಗಿ ಅಷ್ಟೇ ಸರಾಗವಾಗಿ ತಿರುಗಿ ಬರಲಿ ಎಂದು ಅಜ್ಜಿ ಹೊಸ್ತಿಲಿಂದ ತಾಮ್ರದ ಹೂಜಿಯ ನೀರನ್ನು ಅವರ ಹಿಂದೆ ಚೆಲ್ಲಿದಳು. ಕೆಳಗೆ ಮುಟ್ಟುವಷ್ಟರಲ್ಲಿ ಎಂಜಿನ್ ಆರಿತು. "ಅಯ್ಯೋ ನನ್ನ ಕೈಗವಸು!" ಎಂದಳು ಅತ್ತೆ. ಸಮತಟ್ಟಿನಲ್ಲಿ ಕಿಕ್ ಹೊಡೆಯೋಣವೆಂದು ಸೆನೆಮ್ ಬೈಕನ್ನು ಪಕ್ಕದ ಹುಲ್ಲಿನ ಮೇಲಿಂದ ಮತ್ತೆ ಅಂಗಳಕ್ಕೆ ತಳ್ಳಿದಳು. ಅತ್ತೆ ಒಳಗೆ ಹುಡುಕಿದಳು, ಅಜ್ಜಿ ಹುಡುಕಿದಳು, ಕೈಗವಸು ಸಿಗಲಿಲ್ಲ, ನಗು ಸಿಕ್ಕಿತು. ಮತ್ತೆ ಹೊರಟರು. ಕೊಳಾಯಿಯ ಹತ್ತಿರ ಕುರ್ಬಾನ್ ಮಾಮ, ಇನ್ನಿಬ್ಬರು ಗಂಡಸರು ನಿಂತು ನೋಡುತ್ತಿದ್ದರು. ಅವರು ನೋಡುತ್ತಿದ್ದಾರೆಂದೇ ಸೆನೆಮ್ ಕೈಯನ್ನು ಒಂದಿಷ್ಟು ಹೆಚ್ಚಾಗಿ ತಿರುಗಿಸಿದಳು. ಹೌದು, ಅವರಿಗಾಗಿಯೇ. ಆಮೇಲೆ ಆಕಾಶ ಓರೆಯಾಯಿತು.

ಬಿದ್ದದ್ದು ಅಷ್ಟು ದೊಡ್ಡದಲ್ಲ. ಬೀಳುವುದೇ ಎಲ್ಲ ಆಗಿದ್ದರೆ ಅದನ್ನು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಬೇಕಾಗಿರಲಿಲ್ಲ. ಎದ್ದ ಕೂಡಲೇ ಸೆನೆಮ್ ಮೊದಲು ನೋಡಿದ್ದು ಬೈಕಿನ ಹೆಡ್‌ಲೈಟನ್ನು. ಗಾಜು ಒಡೆದಿದೆಯೇ ಎಂದು ಬಗ್ಗಿ, ಬೆರಳಿನಿಂದ ಸುತ್ತ ಸವರಿ, ಇಲ್ಲ, ಒಡೆದಿಲ್ಲ ಎಂದು ಸಮಾಧಾನದ ಉಸಿರು ಬಿಟ್ಟು, ಆ ಉಸಿರಿನ ತುದಿಯಲ್ಲಿ ತಲೆ ಎತ್ತಿದರೆ ಅತ್ತೆ ನೆಲದ ಮೇಲೆ ಕೂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಅವಳನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನಿಂದ ನೋಡುತ್ತಿದ್ದವಳ ನೋಟ ಅದು. ಕೊಳಾಯಿಯ ಹತ್ತಿರ ಯಾರೋ ನಕ್ಕರು. ಹೂವಿನ ಶಲ್ವಾರ್ ಮೊಣಕಾಲಿನ ಹತ್ತಿರ ಹರಿದಿತ್ತು. "ಇದನ್ನ ಮಾರಿಬಿಡ್ತೀನಿ, ನಾಳೆನೇ ಮಾರಿಬಿಡ್ತೀನಿ" ಎಂದು ಸೆನೆಮ್ ಅತ್ತಳು. ಮಾರಲಿಲ್ಲ. ರಾತ್ರಿಗೆ ಹಿಮ ಬಂತು, ಮಾರುವುದಕ್ಕೆ ದಾರಿಯೇ ಇರಲಿಲ್ಲ. ದಾರಿ ಇಲ್ಲದ್ದಕ್ಕೆ ಒಳಗೊಳಗೇ ಹಿಗ್ಗಿದ್ದು, ಅದು ಇನ್ನೊಂದು.

ಹಾಲಿನ ಬಕೆಟ್ಟು ಒಳಗಿಟ್ಟು ಅವಳು ಅಜ್ಜಿಯ ಮಂಚದಡಿಗೆ ಕೈ ಹಾಕಿದಳು. ಚಳಿಗೆ ಸಾಯದಿರಲೆಂದು ಬ್ಯಾಟರಿಯನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ ಒಲೆಯ ಹತ್ತಿರದ ಆ ಮಂಚದಡಿಯೇ ಇಟ್ಟಿದ್ದಳು.

"ಏನ್ ಕದೀತಿದ್ದೀಯ ಅಲ್ಲಿ?" ಎಂದಳು ಅಜ್ಜಿ, ಕಣ್ಣು ತೆರೆಯದೆ.

"ಏನಿಲ್ಲಜ್ಜಿ. ಬ್ಯಾಟರಿ."

"ತಗೊಂಡು ಹೋಗು ನಿನ್ನ ಕೂಸನ್ನ. ಚಳಿಗಾಲವೆಲ್ಲ ಅದಕ್ಕೆ ಶಾಲು, ನನಗೆ ತೇಪೆ ಹಾಕಿದ ಕಂಬಳಿ. ಅದಕ್ಕೇನು ಮಂಡಿನೋವಾ?"

"ನಿನಗೂ ಹೊಸ ಶಾಲು ತರ್ತೀನಿ."

"ತರ್ತಾಳಂತೆ." ಅಜ್ಜಿ ಮಗ್ಗುಲಾದಳು. ಮಂಡಿನೋವೆಂದು ಈ ಚಳಿಗಾಲ ಅವಳು ಹೊಸ್ತಿಲು ದಾಟಿದ್ದೇ ಇಲ್ಲ. ಹೊಸ್ತಿಲ ತನಕ ಬಂದು ಇಳಿಜಾರು ನೋಡುವುದು, ತಿರುಗಿ ಒಲೆಯ ಮುಂದೆ ಕೂರುವುದು, ಅತ್ತೆಯ ಕೈ ಎಳೆದುಕೊಂಡು ಕುರಿಯ ಬಾಲದ ಕೊಬ್ಬು ಸವರಿ ಸವರಿ ಉಜ್ಜುವುದು. "ಸಾಕಮ್ಮ" ಎಂದು ಅತ್ತೆ ಅಂದರೂ ಬಿಡುತ್ತಿರಲಿಲ್ಲ. ಆ ಉಜ್ಜುವುದನ್ನು ನೋಡಲಾರದೆ ಸೆನೆಮ್ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು. ತನಗೆ ಕಾಣಲೆಂದೇ ಅಜ್ಜಿ ಉಜ್ಜುತ್ತಿದ್ದಾಳೆ, ನೋಡು ನೀನು ಮಾಡಿದ್ದನ್ನು ಎಂದು ಬಾಯಿಬಿಟ್ಟು ಹೇಳುವ ಬದಲು, ಎಂದು ಅವಳಿಗೆ ಖಾತ್ರಿಯಿತ್ತು.

ಸ್ಪಾರ್ಕ್ ಪ್ಲಗ್ ಬಿಚ್ಚಿ ಒಲೆಯ ಅಂಚಿನಲ್ಲಿ ಬಿಸಿಗಿಟ್ಟಳು. ಕೋಳಿಯನ್ನು ಎತ್ತಿ ಹುಲ್ಲಿನ ಮೇಲೆ ಬಿಟ್ಟಳು. ಅದು ಇಡೀ ಕೊಟ್ಟಿಗೆಗೆ ಕೇಳುವಂತೆ ದೂರು ಹೇಳಿತು. ಕಾರ್ಬುರೇಟರಿನ ಹಳೆಯ ಪೆಟ್ರೋಲು ಬಸಿದಳು. ಕೊಳೆತ ಹಣ್ಣಿನ ವಾಸನೆ. ಟೈರಿಗೆ ಗಾಳಿ ಹೊಡೆಯುವಾಗ ಬೆನ್ನಿನಲ್ಲಿ ಬೆವರು ಒಡೆಯಿತು, ಆ ಬೆವರೂ ಎಷ್ಟು ಹಿತವಾಗಿತ್ತೆಂದರೆ ಒಬ್ಬಳೇ ನಕ್ಕಳು. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದಾಗ ಮಾತ್ರ ಕೈ ನಿಂತಿತು. ಒಳಗೆ ಇಲಿ ಗೂಡು ಕಟ್ಟಿತ್ತು. ಹುಲ್ಲಿನದಲ್ಲ, ಉಣ್ಣೆಯದು. ಕೆಂಪು, ನೀಲಿ, ದಾಳಿಂಬೆ ಸಿಪ್ಪೆಯಿಂದ ಹಚ್ಚಿದ ಹಳದಿ. ಅತ್ತೆಯ ಮಗ್ಗದ ಕೆಳಗೆ ಬುಟ್ಟಿಯಲ್ಲಿ ಹಾಗೇ ಉಳಿದ ಎಳೆಗಳನ್ನು ಒಂದೊಂದಾಗಿ ಹೊತ್ತು ತಂದು, ಅಂಗೈಯಷ್ಟು ದುಂಡಗೆ, ಮೆತ್ತಗೆ, ಅಚ್ಚುಕಟ್ಟಾಗಿ ನೇಯ್ದಿತ್ತು. ಅತ್ತೆ ನಿಲ್ಲಿಸಿದ್ದನ್ನು ಇಲಿ ಮುಂದುವರಿಸಿತ್ತು. ಗೂಡು ಖಾಲಿಯಾಗಿತ್ತು. ಬಿಸಾಡಲು ಮನಸ್ಸಾಗದೆ ಕೋಟಿನ ಜೇಬಿಗೆ ಹಾಕಿಕೊಂಡಳು. ಅದು ಅಲ್ಲಿ ಬೆಚ್ಚಗೆ ಕೂತಿತು, ಬದುಕಿರುವ ಹಾಗೆ.

ಬೈಕನ್ನು ಹಿತ್ತಲ ಬಾಗಿಲಿನಿಂದ ಅಂಗಳಕ್ಕೆ ತಳ್ಳಿದಾಗ ಬೆಳಕು ಕಣ್ಣಿಗೆ ಹೊಡೆಯಿತು. ಚೋಕ್ ಎಳೆದು ಕಿಕ್ ಹೊಡೆದಳು. ಏನಿಲ್ಲ. ಮತ್ತೆ. ಒಣ ಕೆಮ್ಮು. ಕೆಳಗೆ ಕೊಳಾಯಿಯ ಹತ್ತಿರ ಕುರ್ಬಾನ್ ಮಾಮ ಕುದುರೆಗೆ ನೀರು ಕುಡಿಸುತ್ತಿದ್ದ. ಅವನ ಕಿವಿಗೆ ಇದು ತಪ್ಪುವುದುಂಟೇ.

"ಏನೇ ಸೆನೆಮ್, ಎದ್ದಿತಾ ನಿನ್ನ ಮೇಕೆ?"

"ಏಳ್ತಾ ಇದೆ ಮಾಮ."

"ಈ ಸಲ ಯಾರನ್ನ ಕೆಡವ್ತೀಯಾ? ಮೊದ್ಲೇ ಹೇಳಿಬಿಡು, ಮೂಳೆ ಕಟ್ಟೋನಿಗೆ ಹೇಳಿ ಕಳಿಸ್ತೀನಿ!"

ಮುಖಕ್ಕೆ ರಕ್ತ ನುಗ್ಗಿತು. ಬೇರೆ ದಿನವಾಗಿದ್ದರೆ ಈ ಮಾತನ್ನು ಒಳಗೆ ಹೊತ್ತುಕೊಂಡು ಹೋಗಿ ವಾರವೆಲ್ಲ ತಿರುವಿ ತಿರುವಿ ನೋಡುತ್ತಿದ್ದಳು. ಇವತ್ತು ಸೂರಿನಿಂದ ಹನಿ ಬೀಳುತ್ತಿತ್ತು. "ನಿಮ್ಮ ಕುದುರೆ ಹೋದ ವರ್ಷ ಸಾರೋಟಿನ ಸಮೇತ ನಿಮ್ಮನ್ನ ಹಿಮದ ಹಳ್ಳಕ್ಕೆ ಹಾಕಲಿಲ್ವಾ ಮಾಮ? ಅದನ್ನ ಯಾರು ಕೇಳಿದ್ರು?" ಎಂದು ಕೂಗಿ, ಇಡೀ ಮೈಭಾರ ಹಾಕಿ ಒದ್ದಳು. ಒದೆತ ಎಲ್ಲೋ ಆಳದಲ್ಲಿ ಸಿಕ್ಕಿಹಾಕಿಕೊಂಡಿತು, ತೊಡರಿತು, ಆಮೇಲೆ ಸಿಡಿಯಿತು. ಕೊಟ್ಟಿಗೆಯಲ್ಲಿ ಹಸುಗಳು ಹಗ್ಗ ಜಗ್ಗಿದವು, ಬಾತುಕೋಳಿಗಳು ರೆಕ್ಕೆ ಬಿಚ್ಚಿ ಚೆಲ್ಲಾಪಿಲ್ಲಿಯಾದವು, ನೀಲಿ ಹೊಗೆ ಮುಖಕ್ಕೆ ಬಡಿಯಿತು. ಹಲ್ಲಿನಿಂದ ಮಂಡಿಯ ತನಕ ಆ ನಡುಕ ಅವಳಲ್ಲಿ ಹಾದುಹೋಯಿತು. ಅಳು ಬರುವಷ್ಟು ಖುಷಿ. ಇಷ್ಟು ಖುಷಿಪಡುವ ಹಕ್ಕು ತನಗಿದೆಯೇ ಎಂದು ಕೇಳಲು ಮನಸ್ಸಿಗೆ ಪುರುಸೊತ್ತೇ ಸಿಗಲಿಲ್ಲ.

ಅಜ್ಜಿ ಎದ್ದು ಹೂಜಿ ಹಿಡಿದು ಬರುವ ಮೊದಲೇ ಹೊರಡಬೇಕು. ಅಜ್ಜಿ ಬಂದರೆ ಹಿಂದೆ ಅತ್ತೆಯೂ ಬರುತ್ತಾಳೆ, ಬಾಗಿಲಲ್ಲಿ ನಿಲ್ಲುತ್ತಾಳೆ, ಏನೂ ಅನ್ನದೆ ನೋಡುತ್ತಾಳೆ. ಕಳ್ಳಿಯ ಹಾಗೆ, ಎರಡೂ ಕಾಲು ನೆಲಕ್ಕೆ ಎಳೆದುಕೊಂಡು, ಬಾತುಕೋಳಿಯ ನಡಿಗೆಯಲ್ಲಿ ಇಳಿಜಾರು ಇಳಿದಳು. ಬೆನ್ನ ಹಿಂದೆ ಯಾರೂ ನೀರು ಚೆಲ್ಲಲಿಲ್ಲ. ಹುಟ್ಟಿದಾಗಿನಿಂದ ಆ ಸದ್ದು ಕೇಳದೆ ಈ ಮನೆ ಬಿಟ್ಟವಳಲ್ಲ. ಬೆನ್ನು ಬರಿದಾದಂತೆ, ಕೋಟು ಹಾಕುವುದನ್ನೇ ಮರೆತಂತೆ ಅನ್ನಿಸಿತು.

ರಸ್ತೆ ಸಿಕ್ಕಿತು. ಎರಡೂ ಕಡೆ ಹಿಮದ ಗೋಡೆ, ನಡುವೆ ಒದ್ದೆ ಟಾರು ಕರ್ರಗೆ, ಮಿರಮಿರ. ಮೊದಲ ಗೇರು, ಎರಡನೆಯದು. ಗಾಳಿ ಹೆಲ್ಮೆಟ್ಟಿನ ಸಂದಿಯಿಂದ ನುಗ್ಗಿ ಕಣ್ಣಲ್ಲಿ ನೀರು ಬರಿಸಿತು. ಮೂರನೆಯದು. ಮೈ ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು, ಅವಳೇ ಮರೆತಿದ್ದಳು. ತಿರುವಿನಲ್ಲಿ ಸೊಂಟ ತಾನೇ ವಾಲಿತು. ಬಿಸಿಲಿಗೆ ಒಡ್ಡಿದ ದಿಬ್ಬಗಳಲ್ಲಿ ಹಿಮ ಹರಿದು ಕಂದು ಮಣ್ಣು ಕಾಣುತ್ತಿತ್ತು, ಮಣ್ಣಿನಿಂದ ಆವಿ ಏಳುತ್ತಿತ್ತು. ಬಿಲದ ಬಾಯಲ್ಲಿ ನಿಂತ ನೆಲದಳಿಲೊಂದು ಇವಳನ್ನು ನೋಡಿ ಸೀಟಿ ಊದಿ ಒಳಗೆ ಬಿದ್ದಿತು. ಸೆನೆಮ್ ಕೂಗಿದಳು. ಮಾತಲ್ಲ, ಬರಿಯ ಕೂಗು. ಹೆಲ್ಮೆಟ್ಟಿನೊಳಗೆ ಅದು ಅವಳ ಕಿವಿಗೇ ವಾಪಸು ಬಡಿಯಿತು. ಕೆಂಡದ ಮುಂದೆ ಮೂವರು ಹೆಂಗಸರು ಮುದುಡಿ ಕೂತ ಆ ಮನೆ, ಕೊಬ್ಬಿನ ವಾಸನೆ, ಆ ಕತ್ತು, ಮಚ್ಚೆ, ಎರಡು ಗೆರೆ, ಎಲ್ಲವೂ ಹಿಂದಕ್ಕೆ ಹಿಂದಕ್ಕೆ ಹಾರಿಹೋಗುತ್ತಿದ್ದವು. ಇನ್ನಷ್ಟು ಹಾರಲಿ ಎಂದು ಕೈ ತಿರುಗಿಸಿದಳು.

ಎರಡನೆಯ ತಿರುವು ಕಳೆದದ್ದೇ ಸರೋವರ ಕಾಣಿಸಿತು. ಇನ್ನೂ ಬಿಳಿಯೇ, ಆದರೆ ನಡುವೆ ಕಡುನೀಲಿ ಗೆರೆಗಳು ಒಡೆದಿದ್ದವು. ದಂಡೆಯಲ್ಲಿ ಬೈಕು ನಿಲ್ಲಿಸಿ ಎಂಜಿನ್ ಆರಿಸಿದಳು. ಮೌನ. ಆಮೇಲೆ, ದೂರದಲ್ಲೆಲ್ಲೋ, ಹೊಟ್ಟೆಯೊಳಗಿಂದ ಬಂದಂಥ ಒಂದು ಗುಡುಗು; ಹಿಮಗಡ್ಡೆ ಬಿರಿಯುವ ಸದ್ದು ದಡದಿಂದ ದಡಕ್ಕೆ ಓಡಿತು. ಅಜ್ಜಿಯ ಕಥೆಯ ಕುದುರೆ ಉಸಿರು ಬಿಟ್ಟಿತು. ಚಳಿಗಾಲವೆಲ್ಲ ಒಂದೇ ಉಸಿರು ಹಿಡಿದು ಸರೋವರದ ಅಡಿಯಲ್ಲಿ ಮಲಗುವ ಹೆಣ್ಣುಕುದುರೆ. ಉಸಿರು ಬಿಟ್ಟ ದಿನ ಮೇಲೆದ್ದು ಬಂದು, ಆ ಸದ್ದನ್ನು ಮೊದಲು ಕೇಳಿಸಿಕೊಂಡವರನ್ನು ಬೆನ್ನ ಮೇಲೆ ಕೂರಿಸಿಕೊಂಡು ಏಳು ಬೆಟ್ಟ ಸುತ್ತಿಸುತ್ತದೆ. ಆದರೆ ಆ ಕುದುರೆಗೊಂದು ಹಟ. ಒಬ್ಬರೇ ಬಂದರೆ ಕೂರಿಸಿಕೊಳ್ಳುವುದಿಲ್ಲ. ಬೆನ್ನು ಹಗುರವಾದರೆ ಅದಕ್ಕೆ ಅವಮಾನ, ಹಿಂದೆ ಇನ್ನೊಬ್ಬರು ಇರಲೇಬೇಕು. ಹೊದಿಕೆಯೊಳಗೆ ಮುದುಡಿಕೊಂಡ ಪುಟ್ಟ ಸೆನೆಮ್ ಗಾಬರಿಯಿಂದ ಕೇಳುತ್ತಿದ್ದಳು, ನನ್ನ ಹಿಂದೆ ಯಾರು ಕೂರ್ತಾರೆ ಅಜ್ಜಿ? ಮಗ್ಗದ ಹತ್ತಿರದಿಂದ, ಗಂಟು ಹಾಕುತ್ತಲೇ, ತಲೆ ಎತ್ತದೆ, ಗುಲಿಜಾರ್ ಅತ್ತೆ ಅನ್ನುತ್ತಿದ್ದಳು, ನಾನಿಲ್ವೇನೇ.

ಸೆನೆಮ್ ಜೇಬಿಗೆ ಕೈ ಹಾಕಿದಳು. ಬೆರಳಿಗೆ ಉಣ್ಣೆಯ ಗೂಡು ತಗುಲಿತು. ಆ ಗಳಿಗೆಯಲ್ಲೇ ಹೊಳೆಯಿತು: ಇವತ್ತು ಜಡೆ ಹಾಕಿಲ್ಲ. ಹಾಲು ಇಟ್ಟವಳು ನೇರ ಮಂಚದಡಿಗೆ ಕೈ ಹಾಕಿದ್ದಳು. ಅತ್ತೆ ಬಾಚಣಿಗೆ ಮಡಿಲಲ್ಲಿಟ್ಟುಕೊಂಡು, ಕೂದಲು ಹರಡಿಕೊಂಡು, ಕಿಟಕಿಯ ಹತ್ತಿರ ಕೂತಿದ್ದಳು. ಅವಳನ್ನು ದಾಟಿಕೊಂಡೇ ಹೋಗಿದ್ದಳು, ಎರಡು ಸಲ, ಮೂರು ಸಲ. ಒಮ್ಮೆ ಬಿಸಿ ಪ್ಲಗ್ ಹಿಡಿದು. ಮತ್ತೆ ಹೆಡ್‌ಲೈಟೇ ಮೊದಲು. ಇವತ್ತೂ, ಯಾರೂ ಬೀಳದೆ ಇರುವಾಗಲೂ. ಬೈಕು ತಿರುಗಿಸಿದಳು. ಬರುವಾಗ ರಸ್ತೆ ಅಷ್ಟೇ ಚೆಂದವಾಗಿತ್ತು, ಅದೇ ನಾಚಿಕೆ. ಅವಸರದಲ್ಲೂ ತಿರುವು ಬಂದಾಗ ಸೊಂಟ ಖುಷಿಯಿಂದ ವಾಲಿತು.

ಅತ್ತೆ ಅಂಗಳದಲ್ಲಿ, ಬಿಸಿಲು ಬಿದ್ದ ಕಲ್ಲಿನ ಮೇಲೆ ಕೂತಿದ್ದಳು. ಕೂದಲು ಸೊಂಟದ ತನಕ ಹರಡಿತ್ತು. ಹೂವಿನ ಶಲ್ವಾರ್ ತೊಟ್ಟಿದ್ದಳು, ಮೊಣಕಾಲಿನ ಹತ್ತಿರ ಬೇರೆ ಬಣ್ಣದ ತೇಪೆ. ಕಾಲಿನಲ್ಲಿ ಹೊಸ ಬೂಟು. ಸೆನೆಮ್ ಹುಲ್ಲಿನ ಮೇಲಿಂದ ಬೈಕು ಹತ್ತಿಸಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಅವಳ ಹಿಂದೆ ಹೋಗಿ ಮಂಡಿಯೂರಿ ಕೂತಳು. ಬಾಚಣಿಗೆ ತಗೊಂಡಳು.

"ಅಯ್ಯಯ್ಯೋ, ಕೈಯಾ ಅದು, ಐಸಾ!" ಅತ್ತೆ ಕಿರುಚಿ ಕತ್ತು ಕುಗ್ಗಿಸಿದಳು.

"ಮರ್ತೇಬಿಟ್ಟೆ ಅತ್ತೆ."

"ಗೊತ್ತಾಯ್ತು. ಊರಿಗೇ ಗೊತ್ತಾಯ್ತು, ಆ ಸದ್ದಿಗೆ." ಒಂದು ಜಡೆ ಮುಗಿಯಿತು. ಆಮೇಲೆ ಕತ್ತು, ಅದೇ ಮಚ್ಚೆಯ ಕತ್ತು, ಮಾತಾಡಿತು: "ಲೈಟು ನೆಟ್ಟಗಿದೆಯೇನೇ? ಅದನ್ನ ಮೊದ್ಲು ನೋಡ್ಕೊಂಡ್ಯಾ?"

ಸೆನೆಮ್‌ಳ ಬೆರಳು ಕೂದಲಲ್ಲೇ ನಿಂತವು. ಚಳಿಗಾಲವೆಲ್ಲ ಕಾದ ಮಾತು ಇದೇ. ಬಂದಾಗ ಅದರ ಜೊತೆ ನಗುವೂ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಅತ್ತೆಯ ಭುಜ ಕುಲುಕುತ್ತಿತ್ತು.

"ಅತ್ತೆ, ಅವತ್ತು ನಾನು..."

"ನಾನೂ ಮೊದ್ಲು ಬೂಟೇ ನೋಡ್ಕೊಂಡಿದ್ದು ಕಣೇ. ಹೊಸದು. ಕೈ ನೋವು ಆಮೇಲೆ ಬಂತು."

"ಮತ್ತೆ ಯಾಕೆ ಒಂದು ಮಾತೂ ಆಡ್ಲಿಲ್ಲ ನೀನು?"

"ಮಾರಿಬಿಡ್ತೀನಿ ಅಂತ ಅಳ್ತಿದ್ಯಲ್ಲ. ಮಾತೆತ್ತಿದ್ರೆ ನೆನಪಾಗಿ ನಿಜವಾಗ್ಲೂ ಮಾರಿಬಿಟ್ರೆ? ಬಾಯಿ ಮುಚ್ಕೊಂಡಿದ್ದೆ. ನನಗೆಷ್ಟು ಕಷ್ಟ ಆಯ್ತು ಗೊತ್ತಾ, ನನ್ನ ಬಾಯಿಗೆ." ಅತ್ತೆ ತಿರುಗಿ ನೋಡಿದಳು. "ಬೇಗ ಹೆಣಿಯೇ. ಸರೋವರ ಓಡಿಹೋಗುತ್ತೆ."

ಜೇಬಿನ ಗೂಡನ್ನು ಸೆನೆಮ್ ಅವಳ ಮಡಿಲಲ್ಲಿಟ್ಟಳು. ಅತ್ತೆ ಅದನ್ನು ಸೊಟ್ಟ ಕೈಯಿಂದಲೇ ಎತ್ತಿ, ಬಿಸಿಲಿಗೆ ಹಿಡಿದು, ಒಳಗೆ ಹೊರಗೆ ನೋಡಿ, "ಗಂಟು ಸಡಿಲ" ಎಂದಳು. "ಬರಲಿ ಇಲಿ, ಕಲಿಸ್ತೀನಿ" ಎಂದು ಅಂಗಿಯೊಳಗೆ ಸೇರಿಸಿಕೊಂಡಳು.

ಹೆಲ್ಮೆಟ್ಟನ್ನು ಅತ್ತೆಯ ತಲೆಗೆ ಹಾಕಿ ಪಟ್ಟಿ ಬಿಗಿಯುತ್ತಿದ್ದಾಗ ಬಾಗಿಲಲ್ಲಿ ಅಜ್ಜಿ ಕಾಣಿಸಿದಳು. "ನೀರು ಹಾಕಿಸ್ಕೊಳ್ಳದೆ ಹೋದೆಯಲ್ಲೇ, ಕಳ್ಳಿ! ತಿರುಗಿ ಬಂದಿದ್ದು ನಿನ್ನ ಪುಣ್ಯ" ಎಂದು ಬೈಯುತ್ತಲೇ ಬಂದಳು, ಆದರೆ ಕೈಯಲ್ಲಿದ್ದದ್ದು ಹೂಜಿಯಲ್ಲ, ಒಲೆಯ ಬೂದಿ ತುಂಬಿದ ತಗಡಿನ ಮೊರ. ಅಜ್ಜಿ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಒಂದು ಕಾಲು ಹೊರಗಿಟ್ಟಳು, ಇನ್ನೊಂದನ್ನೂ ಇಟ್ಟಳು. ಇಳಿಜಾರಿನ ತಲೆಯಿಂದ ಬಗ್ಗಿ, ಕೋಳಿಗೆ ಕಾಳು ಚೆಲ್ಲುವಷ್ಟೇ ಜೋಪಾನವಾಗಿ, ಮುಷ್ಟಿ ಮುಷ್ಟಿ ಬೂದಿ ಚೆಲ್ಲತೊಡಗಿದಳು. ಕಲ್ಲಿನ ಸಂದಿಗೆ, ಗೋಡೆಯ ನೆರಳು ದಟ್ಟವಾಗಿದ್ದ ಕಡೆ ಎರಡು ಪಟ್ಟು. ಮೊರ ಖಾಲಿಯಾದ ಮೇಲೆ ಅದರ ತಳ ಬಡಿದು, ಯಾರ ಮುಖವನ್ನೂ ನೋಡದೆ, ಮೊರಕ್ಕೇ ಹೇಳುವ ಹಾಗೆ ಹೇಳಿದಳು:

"ಅವತ್ತೇ ಹಾಕ್ಬೇಕಿತ್ತು. ನೀರು ಚೆಲ್ಲಿದೋಳು ನಾನು. ನೀವು ವಾಪಸ್ ಬಂದ್ರಿ, ಅಷ್ಟರಲ್ಲಿ ಅದು ಗಾಜಾಗಿತ್ತು. ಈ ಕಣ್ಣಿಗೆ ಕಂಡಿತ್ತು, ಮಿಂಚ್ತಾ ಇತ್ತು. ಹೇಳೋಣ ಅನ್ನೋವಷ್ಟರಲ್ಲಿ ನೀವು ಹೊರಟಿದ್ರಿ."

ಸೂರಿನ ಹನಿ ಬೀಳುತ್ತಲೇ ಇತ್ತು. ಸೆನೆಮ್ ಬೂದಿ ಬಿದ್ದ ಕಲ್ಲನ್ನೇ ನೋಡಿದಳು. ಚಳಿಗಾಲದ ಆ ಉಜ್ಜುವುದು, ಹೊಸ್ತಿಲ ತನಕ ಬಂದು ತಿರುಗಿ ಹೋಗುವುದು, ಮಂಡಿನೋವು. ತನಗೆ ಕಾಣಲೆಂದು ಅಲ್ಲವೇ ಅಲ್ಲ. ತನ್ನದೇ ಎಂದು ಅವಳು ಎದೆಗವಚಿಕೊಂಡು ಮಲಗಿದ್ದ ತಪ್ಪನ್ನು ಅದೇ ಒಲೆಯ ಆಚೆ ಬದಿಯಲ್ಲಿ ಇನ್ನೊಬ್ಬಳು ಅವಚಿಕೊಂಡು ಮಲಗಿದ್ದಳು. ಹಾಗಾದರೆ ತಾನು ಬೀಳಿಸಿದ್ದಲ್ಲ. ಒಂದು ಕ್ಷಣ ಹಗುರವೆನ್ನಿಸಿತು, ಮರುಕ್ಷಣ ಆ ಹಗುರದ ಬಗ್ಗೆಯೇ ಅಸಹ್ಯವಾಯಿತು. ಕೈ ಹೆಚ್ಚಾಗಿ ತಿರುಗಿಸಿದ್ದು ತಾನೇ, ಲೈಟು ಸವರಿದ್ದೂ ತಾನೇ. ಅವು ಯಾವ ನೀರಿನಿಂದಲೂ ಅಲ್ಲ. "ಅಜ್ಜಿ, ನಾನೇ ಜೋರಾಗಿ ಬಿಟ್ಟಿದ್ದು" ಎಂದಳು. "ಗಂಡಸರು ನೋಡ್ತಿದ್ರು ಅಂತ."

"ಸುಮ್ಮನಿರೇ, ನಿನಗೆಲ್ಲಿ ಅಷ್ಟು ಧೈರ್ಯ" ಎಂದಳು ಅಜ್ಜಿ.

"ಇಬ್ರೂ ಮುಗಿಸಿದ್ರೆ ಹೊರಡೋಣ್ವಾ?" ಹೆಲ್ಮೆಟ್ಟಿನೊಳಗಿಂದ ಅತ್ತೆಯ ದನಿ ಬಾವಿಯೊಳಗಿಂದ ಬಂದಂತೆ ಬಂತು. "ಕೈ ನಂದು. ಅಳೋದಾದ್ರೆ ನಾನು ಅಳ್ಬೇಕು. ನನಗೆ ಪುರುಸೊತ್ತಿಲ್ಲ."

ಕೂತರು. ಅತ್ತೆಯ ಎಡಗೈ ಸೊಂಟವನ್ನು ಸುತ್ತಿತು, ಬಲಗೈ ತನಗೆ ಬರುವಷ್ಟು ಬಳಸಿತು. ಮಣಿಕಟ್ಟಿನ ಗಂಟು ಸೆನೆಮ್‌ಳ ಪಕ್ಕೆಗೆ ಒತ್ತಿತು. ಬೂದಿಯ ಮೇಲೆ ಟೈರು ಕರಕರ ಕಚ್ಚಿಕೊಂಡು ಇಳಿಯಿತು. ಹಿಂದೆ ಅಜ್ಜಿ ಬಿಸ್ಮಿಲ್ಲಾ ಎಂದದ್ದು, ಹೂಜಿ ಬೋರಲಾದದ್ದು, ನೀರು ಕಲ್ಲಿನ ಮೇಲೆ ಹರಡಿದ ಆ ಹಳೆಯ ಸದ್ದು. ಬೆನ್ನು ಮತ್ತೆ ತುಂಬಿಕೊಂಡಿತು. ರಸ್ತೆಗೆ ಚಕ್ರ ಮುಟ್ಟಿಸಿ ಎರಡನೆಯ ಗೇರಿಗೆ ಕಾಲಿಟ್ಟಿದ್ದಳಷ್ಟೆ.

"ಅಯ್ಯೋ, ನನ್ನ ಕೈಗವಸು!"

ಸೆನೆಮ್ ಬ್ರೇಕು ಹಿಡಿದಳು. ಕೊಳಾಯಿಯ ಹತ್ತಿರ ಕುರ್ಬಾನ್ ಮಾಮ ಹಣೆ ಹಣೆ ಚಚ್ಚಿಕೊಂಡ. ಹ್ಯಾಂಡಲ್ ತಾನಾಗಿ ಮನೆಯ ಕಡೆ ತಿರುಗಿತು.

"ತಿರುಗಿಸಬೇಡ!" ಮೇಲಿನಿಂದ ಅಜ್ಜಿ ಕೂಗಿದಳು. ಆ ಮುದಿ ಎದೆಯಲ್ಲಿ ಅಂಥ ಗಂಟಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. "ಅಲ್ಲೇ ನಿಲ್ರೇ ಹಾಳಾದೋರಾ! ಹೆಜ್ಜೆ ಹಿಂದಕ್ಕಿಟ್ರೆ ನೋಡಿ!"

ಒಳಗೆ ಹೋದಳು, ಹೊರಗೆ ಬಂದಳು. ಕೈಯಲ್ಲಿ ಕೆಂಪು ಉಣ್ಣೆಯ ಜೊತೆ. ಒಂದು ಕೈ ಗೋಡೆಗೆ, ರಬ್ಬರ್ ಚಪ್ಪಲಿಯ ಒಂದು ಕಾಲು ಬೂದಿಗೆ. ಒತ್ತಿ ನೋಡಿದಳು. ನಿಂತಿತು. ಇನ್ನೊಂದು ಕಾಲು. ತಾನೇ ಚೆಲ್ಲಿದ ನೀರಿನ ಮೇಲೆ, ತಾನೇ ಹರಡಿದ ಬೂದಿಯ ಮೇಲೆ, ತುಟಿಯಲ್ಲಿ ಏನೋ ಗೊಣಗುತ್ತ, ಅಜ್ಜಿ ಇಳಿದು ಬರುತ್ತಿದ್ದಳು. ಕುರ್ಬಾನ್ ಮಾಮ ಕುದುರೆಯ ಹಗ್ಗ ಬಿಟ್ಟು ಕೈಕೊಡಲು ಎರಡು ಹೆಜ್ಜೆ ಬಂದ. "ದೂರ ಇರೋ, ನೋಡೋದಾದ್ರೆ ಸುಮ್ನೆ ನೋಡು" ಎಂದು ಗದರಿದಳು. ಸೆನೆಮ್ ಉಸಿರು ಬಿಗಿಹಿಡಿದಳು; ಬೆನ್ನಿಗೊರಗಿದ ಅತ್ತೆಯ ಎದೆಯಲ್ಲೂ ಉಸಿರು ನಿಂತಿತ್ತು. ಎಂಜಿನ್ ಮಾತ್ರ ಇಬ್ಬರ ಕೆಳಗೆ ಗುಟುರುಹಾಕುತ್ತಿತ್ತು.

ಅಜ್ಜಿ ಬಂದು ಮುಟ್ಟಿದಳು. ಏದುಸಿರು. ಅತ್ತೆಯ ಸೊಟ್ಟ ಕೈಯನ್ನು ಎಳೆದುಕೊಂಡು, ಬೆರಳು ಬೆರಳಾಗಿ, ಮಗುವಿಗೆ ಹಾಕುವ ಹಾಗೆ ಕೈಗವಸು ತೊಡಿಸಿದಳು. "ಒಲೆಯ ಹಿಂದೆ ಬಿದ್ದಿತ್ತು. ನವೆಂಬರಿನಿಂದ ಅಲ್ಲೇ ಇದೆ" ಎಂದಳು. ಆಮೇಲೆ ಸೆನೆಮ್‌ಳ ಬೆನ್ನಿಗೆ ಅಂಗೈಯಿಂದ ಒಂದು ಏಟು: "ಹೋಗು. ಗಂಡಸರು ನೋಡ್ತಿದ್ದಾರೆ."

ಸೆನೆಮ್ ಕೈ ತಿರುಗಿಸಿದಳು. ಕನ್ನಡಿಯಲ್ಲಿ ಅಜ್ಜಿ ರಸ್ತೆಯ ನಡುವೆ ನಿಂತಿದ್ದಳು, ಕೈಯಲ್ಲಿ ಹೂಜಿಯಿಲ್ಲದೆ, ಬ್ಯಾಟರಿಗೆ ಸುತ್ತಿದ್ದ ಶಾಲು ಹೊದ್ದುಕೊಂಡು. ಚಿಕ್ಕದಾಗುತ್ತ ಆಗುತ್ತ, ಕರಗಿ ಹರಿಯುತ್ತಿದ್ದ ಕಾಲುವೆಯ ಹತ್ತಿರ ಬಗ್ಗಿ, ಬೊಗಸೆಯಲ್ಲಿ ನೀರೆತ್ತಿ ಅವರ ಹಿಂದೆ ಎರಚಿದಳು. ಮೊದಲ ತಿರುವಿನಲ್ಲಿ ಸೊಂಟ ವಾಲಿತು, ಹಿಂದಿನ ಸೊಂಟವೂ ಅದರ ಜೊತೆಗೇ ವಾಲಿತು. ಸರೋವರದ ಕಡೆಯಿಂದ ಆ ಗುಡುಗು ಮತ್ತೆ ಬಂತು, ಈ ಸಲ ಇನ್ನೂ ಹತ್ತಿರ. ಕೆಂಪು ಕೈಗವಸಿನ ಮುಷ್ಟಿ ಅವಳ ಪಕ್ಕೆಗೆ ಗುದ್ದಿತು.

"ಇಷ್ಟೇನಾ? ಇನ್ನೂ ಜೋರಾಗಿ ಬಿಡೇ!"